ಕುಟ್ಟಾಣಿಯ ಸದ್ದು ನಿಂತ ಮಧ್ಯಾಹ್ನ

ಮೂರನೆಯ ದಿನ ಬೆಳಿಗ್ಗೆ, ಧ್ಯಾನದ ಚಾಪೆಯ ಅಂಚಿನಲ್ಲಿ ನನಗಾಗಿ ಒಂದು ಚೀಟಿ ಕಾದಿತ್ತು. ಈಜಿಪ್ಟಿನ ದಕ್ಷಿಣ ಸಿನಾಯ್‌ನ ಬೆಟ್ಟಗಳ ನಡುವೆ ಕಲ್ಲುಗೋಡೆ ಕಟ್ಟಿದ ಒಂದು ಪುಟ್ಟ ತೋಟದಲ್ಲಿ ನಾವು ಒಂಬತ್ತು ಮಂದಿ ಐದು ದಿನಗಳ ಮೌನ ಶಿಬಿರಕ್ಕೆಂದು ಸೇರಿದ್ದೆವು. ಮಾತಾಡುವಂತಿರಲಿಲ್ಲ, ಓದುವಂತಿರಲಿಲ್ಲ, ಫೋನುಗಳೆಲ್ಲ ಒಂದು ಚೀಲಕ್ಕೆ ಸೇರಿದ್ದವು. ತೀರಾ ಅಗತ್ಯವಿದ್ದರೆ ಚೀಟಿ ಬರೆಯಬಹುದಿತ್ತು. ನನಗೆ ಬಂದ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಅಡುಗೆಯವನಿಗೆ ಸ್ವಲ್ಪ ಸುಮ್ಮನಿರಲು ಹೇಳಬಹುದೇ, ಮನಸ್ಸು ನಿಲ್ಲುತ್ತಿಲ್ಲ. ಕುವೈತಿನಲ್ಲಿ ಹನ್ನೆರಡು ವರ್ಷ ಲೆಕ್ಕಪತ್ರ ಬರೆದ ನನಗೆ ಹರಕು ಮುರುಕು ಅರಬ್ಬಿ ಬರುತ್ತದೆ ಎಂಬುದು ಮೊದಲ ದಿನದ ಪರಿಚಯದಲ್ಲೇ ಎಲ್ಲರಿಗೂ ತಿಳಿದುಬಿಟ್ಟಿತ್ತು. ಚೀಟಿ ನನ್ನ ಬಳಿಗೆ ಬರಲು ಕಾರಣ ಅಷ್ಟೇ. ಅದರಲ್ಲಿ ‘ಅಡುಗೆಯವನು’ ಎಂದು ಬರೆದಿದ್ದ ವ್ಯಕ್ತಿ ಆ ತೋಟದ ಯಜಮಾನರಾಗಿದ್ದರು. ನಾವು ಕುಳಿತಿದ್ದ ಬಾದಾಮಿ ಮರವನ್ನು ಅವರ ಅಜ್ಜ ನೆಟ್ಟಿದ್ದರು.

ಅವರು ಸುಮ್ಮನಿರುವ ಜಾಯಮಾನದವರಲ್ಲ ಎಂಬುದು ನಿಜ. ಬೆಳಕು ಹರಿಯುವ ಮೊದಲೇ ಒಂಟೆಯೊಡನೆ ಮಾತು ಶುರುವಾಗುತ್ತಿತ್ತು. ಕಾಫಿ ಬೀಜ ಹುರಿಯುವಾಗ ಒಂದು ರಾಗ, ಕುಟ್ಟಾಣಿಯಲ್ಲಿ ಕುಟ್ಟುವಾಗ ಇನ್ನೊಂದು ತಾಳ. ಕೆಂಡದಡಿ ಬೂದಿಯಲ್ಲಿ ಹುಗಿದು ಬೇಯಿಸಿದ ಲಿಬ್ಬ ರೊಟ್ಟಿಯನ್ನು ಹೊರತೆಗೆದು, ಅಂಗೈಯಿಂದ ಪಟಪಟನೆ ಬಡಿದು ಬೂದಿ ಕೊಡವುವಾಗ ಆ ರೊಟ್ಟಿಗೂ ಏನೋ ಒಂದು ಬೈಗುಳ. ಕಣಿವೆಯ ಆಚೆ ಬದಿಯಲ್ಲಿ ಮೇಕೆ ಹೊಡೆದುಕೊಂಡು ಹೋಗುವ ಹುಡುಗಿಯರು ಕಂಡರೆ ಕೈಯನ್ನು ಬಾಯಿಗೆ ಅಡ್ಡವಿಟ್ಟು ಕೂಗಿ ಕರೆದು, ಎರಡು ಬೆಟ್ಟಗಳ ನಡುವೆ ಹತ್ತು ನಿಮಿಷ ಸಂಭಾಷಣೆ. ಗ್ರಾನೈಟಿನ ಆ ಗೋಡೆಗಳಿಗೆ ಬಡಿದು ಬರುವ ದನಿ ಮೂರು ಸಲ ಕೇಳುತ್ತಿತ್ತು. ಹೀಗಾಗಿ ಚೀಟಿ ಬರೆದವರನ್ನು ನಾನು ಪೂರ್ತಿ ದೂರಲಾರೆ. ಮೌನಕ್ಕೆಂದು ಅಷ್ಟು ದೂರ ಬಂದವರಿಗೆ ಕಿರಿಕಿರಿಯಾಗಿದ್ದೂ ನಿಜವೇ. ಅದನ್ನು ನಾನು ಮರುಯೋಚನೆಯಿಲ್ಲದೆ ಹೋಗಿ ತಲುಪಿಸಿದ್ದು ಮಾತ್ರ ಇವತ್ತಿಗೂ ನನ್ನನ್ನು ಕಾಡುತ್ತದೆ. ‘ಯಾ ಹಾಜ್ (ಹಿರಿಯರೇ), ಇವರಿಗೆ ಸದ್ದಿಲ್ಲದೆ ಇರಬೇಕಂತೆ’ ಎಂದೆ. ಅವರು ಎದೆಯ ಮೇಲೆ ಕೈಯಿಟ್ಟು ‘ಹಾದಿರ್’ ಎಂದರು. ಆಗಲಿ, ನಿಮ್ಮಿಷ್ಟದಂತೆ ಎಂದರ್ಥ. ಅರ್ಧ ಕುಟ್ಟಿದ್ದ ಕಾಫಿಯನ್ನು ಕುಟ್ಟಾಣಿಯಲ್ಲೇ ಬಿಟ್ಟು, ಅದರ ಬಾಯಿಗೆ ಬಟ್ಟೆ ಮುಚ್ಚಿದರು.

ಆ ಮಧ್ಯಾಹ್ನ ನಮಗೆ ಬೇಕಿದ್ದದ್ದು ಸಿಕ್ಕಿತು. ಗಾಳಿಯೂ ಇರಲಿಲ್ಲ. ನನ್ನ ಕಿವಿಯೊಳಗಿನ ರಕ್ತದ ಹರಿದಾಟ ನನಗೇ ಕೇಳುವಷ್ಟು ನಿಶ್ಶಬ್ದ. ಸಂಜೆ ಯಜಮಾನರ ಸೋದರಳಿಯ, ನಮ್ಮ ದಾರಿ ತೋರುವ ಹುಡುಗ, ಗೋಡೆಯ ಹಿಂದೆ ನನ್ನನ್ನು ಕರೆದು ಮೆಲ್ಲಗೆ ಕೇಳಿದ: ‘ಮಾವ ಕೇಳಿಕೊಂಡು ಬಾ ಅಂದರು. ನಮ್ಮಿಂದ ಏನಾದರೂ ತಪ್ಪಾಯಿತಾ?’

ನನಗೆ ಮೊದಲು ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ಮನೆಗೆ ಬಂದ ಅತಿಥಿ ಮಾತಾಡದೆ ಕುಳಿತರೆ ಅವನ ಮನಸ್ಸಿನಲ್ಲಿ ಏನೋ ಇದೆ ಎಂದು ಲೆಕ್ಕ. ಕೊಟ್ಟ ಕಾಫಿಯನ್ನು ಕುಡಿಯದೆ ಮುಂದೆ ಇಟ್ಟುಕೊಂಡರೆ ಅದು ಇನ್ನೂ ಗಂಭೀರ: ಆತ ಏನನ್ನೋ ಕೇಳಲು ಬಂದಿದ್ದಾನೆ, ಅದು ನೆರವೇರುವ ಮಾತು ಸಿಗುವವರೆಗೆ ಬಟ್ಟಲನ್ನು ಮುಟ್ಟುವುದಿಲ್ಲ; ಹೆಣ್ಣು ಕೇಳುವುದಿರಬಹುದು, ಜಗಳದ ರಾಜಿ ಇರಬಹುದು. ಕುಟ್ಟಾಣಿಯ ಸದ್ದಿಗೂ ಅರ್ಥವಿದೆ. ಇಲ್ಲಿ ಕಾಫಿಯಾಗುತ್ತಿದೆ, ಕೇಳಿಸಿಕೊಂಡವರು ಬನ್ನಿ ಎಂದು ಕಣಿವೆಗೆಲ್ಲ ಸಾರುವ ಕರೆ ಅದು. ಕುಟ್ಟಾಣಿಗೆ ಬಟ್ಟೆ ಮುಚ್ಚಿ ಕಾಫಿ ಮಾಡುವವನೆಂದರೆ ಯಾರಿಗೂ ಕೊಡದೆ ಒಬ್ಬನೇ ಕುಡಿಯುವ ಜಿಪುಣ. ನಾವು ಒಂಬತ್ತು ಮಂದಿ ಮೂರು ದಿನಗಳಿಂದ ಅವರ ಊಟ ಉಣ್ಣುತ್ತಾ, ಮುಖ ನೋಡದೆ, ಹೊಗಳದೆ, ತೆಗಳದೆ ಕುಳಿತಿದ್ದೆವು. ಕೊನೆಗೆ ಆ ಮನುಷ್ಯನನ್ನು ತನ್ನದೇ ತೋಟದಲ್ಲಿ ಜಿಪುಣನನ್ನಾಗಿಯೂ ಮಾಡಿಬಿಟ್ಟೆವು.

ಕಾವಲಿನವರು

ಸಿನಾಯ್‌ಗೆ ಜನ ಮೌನ ಹುಡುಕಿಕೊಂಡು ಬರಲು ಶುರುಮಾಡಿ ಹದಿನಾರು ಶತಮಾನಗಳಾದರೂ ಆಗಿವೆ. ನಾಲ್ಕನೆಯ ಶತಮಾನದಲ್ಲೇ ಇಲ್ಲಿನ ಗುಹೆಗಳಲ್ಲಿ ಕ್ರೈಸ್ತ ಏಕಾಂತವಾಸಿಗಳಿದ್ದರು. ಆರನೆಯ ಶತಮಾನದಲ್ಲಿ ರೋಮನ್ ಚಕ್ರವರ್ತಿ ಜಸ್ಟಿನಿಯನ್ ಅವರಿಗಾಗಿ ಕೋಟೆಯಂತಹ ಮಠ ಕಟ್ಟಿಸಿದ. ಅದೇ ಇಂದಿನ ಸೇಂಟ್ ಕ್ಯಾಥರೀನ್ ಮಠ. ಅದರ ಹಸ್ತಪ್ರತಿಗಳ, ಉರಿಯುವ ಪೊದೆಯ ಕಥೆಗಳನ್ನು ಓದಿರುವವರೇ ಹೆಚ್ಚು, ಹಾಗಾಗಿ ಅವನ್ನು ಬಿಡುತ್ತೇನೆ. ಅಷ್ಟಾಗಿ ಯಾರೂ ಹೇಳದ ಸಂಗತಿ, ಆ ಮಠದ ಜೊತೆಗೇ ಅದನ್ನು ಕಾಯಲು, ಅದಕ್ಕೆ ದುಡಿಯಲು ಒಂದಷ್ಟು ಕುಟುಂಬಗಳನ್ನೂ ಜಸ್ಟಿನಿಯನ್ ಕಳಿಸಿದ ಎಂಬುದು. ಸುಮಾರು 200 ಕುಟುಂಬಗಳು, ಅರ್ಧ ಬಾಲ್ಕನ್ ಕಡೆಯಿಂದ, ಅರ್ಧ ಈಜಿಪ್ಟಿನಿಂದ ಎಂದು ಪರಂಪರೆ ಹೇಳುತ್ತದೆ. ಕಾಲಾಂತರದಲ್ಲಿ ಅವರು ಇಸ್ಲಾಂ ಸ್ವೀಕರಿಸಿದರು, ಅರಬ್ಬಿ ಮಾತಾಡತೊಡಗಿದರು, ನೆರೆಯ ಬುಡಕಟ್ಟುಗಳೊಡನೆ ಬೆರೆತು ಬೆದೂಯಿನ್, ಅಂದರೆ ಮರುಭೂಮಿಯ ಅರಬ್ ಬುಡಕಟ್ಟಿನವರು, ಆದರು. ಅವರೇ ಜಬಾಲಿಯಾ, ಎಂದರೆ ಬೆಟ್ಟದವರು. ಧರ್ಮ ಬದಲಾಯಿತು, ಕೆಲಸ ಬದಲಾಗಲಿಲ್ಲ. ಇವತ್ತಿಗೂ ಮಠದಲ್ಲಿ ದುಡಿಯುವವರು ಜಬಾಲಿಯಾ ಜನ. ಮಠದ ಗೋಡೆಯೊಳಗೇ ಚರ್ಚಿನ ಪಕ್ಕದಲ್ಲಿ ಫಾತಿಮಿದ ಅರಸರ ಕಾಲದ ಒಂದು ಮಸೀದಿಯೂ ಇದೆ.

ಅಂದರೆ ಸುಮಾರು 1400 ವರ್ಷಗಳಿಂದ ಈ ಬೆಟ್ಟದಲ್ಲಿ ಒಬ್ಬರು ಸುಮ್ಮನಿರುತ್ತಾರೆ, ಇನ್ನೊಬ್ಬರು ಅವರಿಗಾಗಿ ಓಡಾಡುತ್ತಾರೆ. ‘ಏಣಿಯ ಯೋಹಾನ’ ಎಂದು ಹೆಸರಾದ ಸಂತ, ಮಠದ ಹಿರಿಯನಾಗುವ ಮೊದಲು, ಮಠದಿಂದ ದೂರದ ಗುಹೆಯೊಂದರಲ್ಲಿ 40 ವರ್ಷ ಏಕಾಂತದಲ್ಲಿದ್ದ ಎನ್ನುತ್ತಾರೆ. ಆ ಗುಹೆ ವಾದಿ ತ್ಲಾಹ್ ಎಂಬ ಕಣಿವೆಯಲ್ಲಿದೆ. (ಅರಬ್ಬಿಯಲ್ಲಿ ವಾದಿ ಎಂದರೆ ಕಣಿವೆ, ಮಳೆ ಬಂದಾಗ ಮಾತ್ರ ಹರಿಯುವ ಹಳ್ಳ. ನಮ್ಮ ಕೋರ್ಟಿನ ವಾದಿಗೂ ಇದಕ್ಕೂ ಸಂಬಂಧವಿಲ್ಲವಾದರೂ, ಆ ವಾರ ನನಗೆ ಪ್ರತಿವಾದಿಯ ಕಟಕಟೆಯಲ್ಲಿ ನಿಂತಂತೆಯೇ ಅನಿಸುತ್ತಿತ್ತು.) ನಾಲ್ಕನೆಯ ದಿನ ನಮ್ಮನ್ನು ಆ ಗುಹೆಗೆ ಕರೆದೊಯ್ದರು. ಎಲ್ಲರೂ ಕಣ್ಣು ಮುಚ್ಚಿ ಕುಳಿತಾಗ ನಾನು ಲೆಕ್ಕದವನ ಬುದ್ಧಿ ಬಿಡಲಾರದೆ ನೀರೆಲ್ಲಿಂದ ಬರುತ್ತಿತ್ತು, ರೊಟ್ಟಿಯ ಹಿಟ್ಟು ಯಾರು ಹೊತ್ತು ತರುತ್ತಿದ್ದರು ಎಂದು ಯೋಚಿಸುತ್ತಿದ್ದೆ.

ಏಕಾಂತವಾಸಿಗಳ ಪರವಾಗಿಯೂ ಒಂದು ಮಾತು ಹೇಳಬೇಕು. 380ರ ದಶಕದಲ್ಲಿ ಎಜೀರಿಯಾ ಎಂಬ ಮಹಿಳೆ ಈ ಬೆಟ್ಟ ಹತ್ತಿ, ಕಂಡದ್ದನ್ನು ಊರಿನ ಗೆಳತಿಯರಿಗೆ ಪತ್ರವಾಗಿ ಬರೆದಿಟ್ಟಿದ್ದಾಳೆ. ಶಿಖರದ ಪ್ರಾರ್ಥನೆ ಮುಗಿಸಿ ಹೊರಬರುವಾಗ ಅಲ್ಲಿನ ಸನ್ಯಾಸಿಗಳು ಅವಳ ಕೈಗೆ ಆ ಬೆಟ್ಟದಲ್ಲೇ ಬೆಳೆದ ಹಣ್ಣುಗಳನ್ನು ಪ್ರಸಾದವಾಗಿ ಕೊಟ್ಟರಂತೆ. ಲೋಕವೇ ಬೇಡವೆಂದು ಬಂದು ಕುಳಿತವರೂ ಬಾಗಿಲಿಗೆ ಬಂದವಳಿಗೆ ಹಣ್ಣು ಕೊಡುವುದನ್ನು ಬಿಟ್ಟಿರಲಿಲ್ಲ. ಈ ಮಾತು ನನಗೆ ಹಿಡಿಸುತ್ತದೆ. ನಾವು ಒಂಬತ್ತು ಮಂದಿ ಪರಸ್ಪರ ಉಪ್ಪು ದಾಟಿಸಲೂ ಕಣ್ಣು ತಗ್ಗಿಸಿಕೊಂಡೇ ಕೈ ಚಾಚುತ್ತಿದ್ದೆವು.

ಏತ, ಒಡ್ಡು, ಕಸಿ

ತೋಟದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನಗೆ ಆ ಜನರು ಅರ್ಥವಾಗತೊಡಗಿದ್ದು ಅಲ್ಲಿ. ಸೇಂಟ್ ಕ್ಯಾಥರೀನ್ ಊರೇ ಸುಮಾರು 1600 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಅಬು ಜೀಫಾ ಎಂಬ ಕಲ್ಲುಹಾದಿಯ ಕಣಿವೆಬಾಯಿ ಹತ್ತಿ ದಾಟಿದರೆ ಒಳಬೆಟ್ಟಗಳು. ಸುತ್ತ ಹುಲ್ಲುಕಡ್ಡಿಯೂ ಕಾಣದ ಕೆಂಪು ಗ್ರಾನೈಟು, ನಡುವೆ ಒಮ್ಮೆಲೇ ಆಳೆತ್ತರದ ಕಲ್ಲುಗೋಡೆ, ಗೋಡೆಯ ಮೇಲಿಂದ ಇಣುಕುವ ದಾಳಿಂಬೆ ಹೂವು. ಇಂತಹ ತೋಟಗಳು ಆ ಬೆಟ್ಟಸಾಲಿನಲ್ಲಿ ನೂರಾರಿವೆ. ಬಾದಾಮಿ, ಜರ್ದಾಳು, ಅಂಜೂರ, ದ್ರಾಕ್ಷಿ, ಪೇರ್, ಆಲಿವ್. ವರ್ಷದ ಮಳೆ ಎತ್ತರದ ಭಾಗದಲ್ಲಿಯೂ 60 ಮಿಲಿಮೀಟರ್ ಆಸುಪಾಸು. ಅದೂ ಒಂದೆರಡು ಸಲ ಅಬ್ಬರಿಸಿ ಬಿದ್ದು ಹೋಗುವಂಥದ್ದು. ಕೆಲವು ವರ್ಷ ಅದೂ ಇಲ್ಲ.

ಇಷ್ಟರಲ್ಲೇ ತೋಟ ಹೇಗೆ ಎಂಬುದನ್ನು ಯಜಮಾನರು ತೋರಿಸಿದ್ದು ಕೈಸನ್ನೆಯಲ್ಲಿ. ಪಾಪ, ನನ್ನ ಆಜ್ಞೆಯನ್ನು ಅವರು ಇನ್ನೂ ಪಾಲಿಸುತ್ತಿದ್ದರು. ಬೆಟ್ಟದ ಕೆಂಪು ಮೈಯಲ್ಲಿ ಅಲ್ಲಲ್ಲಿ ಮೇಲಿಂದ ಕೆಳಕ್ಕೆ ಇಳಿಯುವ ಕಪ್ಪು ಶಿಲೆಯ ಪಟ್ಟಿಗಳಿವೆ. ಮಳೆನೀರು, ಅದಕ್ಕಿಂತ ಮುಖ್ಯವಾಗಿ ಚಳಿಗಾಲದ ಹಿಮ ಕರಗಿದ ನೀರು, ಆ ಬಿರುಕುಗುಂಟ ಇಂಗಿ ಕೆಳಗೆ ಬರುತ್ತದೆ. ಬಾವಿ ತೋಡುವುದು ಅದರ ಬುಡದಲ್ಲಿ. ಮಳೆಗಿಂತ ಹಿಮವೇ ಅವರಿಗೆ ಪ್ರಿಯ. ಮಳೆ ಓಡಿಹೋಗುತ್ತದೆ, ಹಿಮ ನಿಧಾನಕ್ಕೆ ಇಳಿಯುತ್ತದೆ. ಹಳ್ಳಕ್ಕೆ ಅಡ್ಡಲಾಗಿ ಕಲ್ಲಿನ ಒಡ್ಡುಗಳು. ಅವು ಹುಚ್ಚು ಪ್ರವಾಹದ ಸೊಕ್ಕು ಮುರಿದು, ಅದು ಹೊತ್ತು ತಂದ ಮಣ್ಣನ್ನು ಹಿಡಿದು ನಿಲ್ಲಿಸುತ್ತವೆ. ತೋಟದ ಮಣ್ಣೆಲ್ಲ ಹೀಗೆ ತಲೆಮಾರುಗಳಿಂದ ಹಿಡಿದು ಕೂಡಿಸಿದ ಮಣ್ಣು. ಗೋಡೆ ಇರುವುದು ಮೇಕೆಗೂ ಪ್ರವಾಹಕ್ಕೂ.

ಬಾವಿಯ ಪಕ್ಕದಲ್ಲಿ ಒಂದು ಹಳೆಯ ಕವೆಗಂಬ, ಅದರ ಮೇಲೆ ಅಡ್ಡಮರ, ಒಂದು ತುದಿಗೆ ಕಟ್ಟಿದ ಕಲ್ಲು. ನೋಡಿದ ತಕ್ಷಣ ನಾನು ಮೌನವ್ರತ ಮರೆತು ಕನ್ನಡದಲ್ಲೇ ‘ಅಯ್ಯೋ, ಏತ!’ ಎಂದುಬಿಟ್ಟೆ. ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿಮನೆಯಲ್ಲಿ ಗದ್ದೆಗೆ ನೀರೆತ್ತಲು ಇದ್ದ ಅದೇ ಏತ. ಅವರು ಅದನ್ನು ಶಾದೂಫ್ ಎನ್ನುತ್ತಾರೆ. ಈಗ ಅಲ್ಲಿಯೂ ಡೀಸೆಲ್ ಪಂಪು ಬಂದಿದೆ, ಏತ ಸುಮ್ಮನೆ ನಿಂತಿದೆ. ನನ್ನ ಉದ್ಗಾರಕ್ಕೆ ಯಜಮಾನರ ಮುಖ ಅರಳಿತು. ಮೂರು ದಿನಗಳ ನಂತರ ಅತಿಥಿಯೊಬ್ಬ ತಾನಾಗಿ ಬಾಯಿ ಬಿಟ್ಟಿದ್ದ, ಅದೂ ಅವರ ಬಾವಿಯನ್ನು ನೋಡಿ. ಅಲ್ಲಿಂದ ಮುಂದೆ ನಾವಿಬ್ಬರೂ ಗೋಡೆಯ ಮರೆಯಲ್ಲಿ ಶಿಬಿರದ ನಿಯಮ ಮುರಿದೆವು; ಬೇರೆಯವರಿಗೆ ಕೇಳದಂತೆ, ಶಾಲೆಯ ಹುಡುಗರಂತೆ ಪಿಸುದನಿಯಲ್ಲಿ.

ಆಗ ಅವರು ತೋರಿಸಿದ್ದು ಕಸಿ. ಕಹಿಬಾದಾಮಿ ಬರವನ್ನು ತಡೆದುಕೊಳ್ಳುವ ಗಟ್ಟಿ ಗಿಡ, ಆದರೆ ಅದರ ಕಾಯಿ ಬಾಯಿಗಿಡುವಂತಿಲ್ಲ. ಅದರ ಕಾಂಡಕ್ಕೆ ಸಿಹಿಬಾದಾಮಿಯನ್ನೋ ಜರ್ದಾಳನ್ನೋ ಕಟ್ಟುತ್ತಾರೆ. ಬೇರು ಕಹಿಯದು, ಹಣ್ಣು ಸಿಹಿಯದು. ಈ ವಿದ್ಯೆ ತಮ್ಮ ಹಿರಿಯರಿಗೆ ಮಠದವರಿಂದ ಬಂತು ಎಂದು ಜಬಾಲಿಯಾ ಜನ ಹೇಳುತ್ತಾರೆ. ಯಜಮಾನರು ಚಾಕುವಿನಿಂದ ಗಾಳಿಯಲ್ಲೇ ಓರೆಯಾಗಿ ಕೊಯ್ದು, ಎರಡು ಬೆರಳು ಜೋಡಿಸಿ, ಸುತ್ತ ದಾರ ಸುತ್ತುವ ಅಭಿನಯ ಮಾಡಿದರು. ಮಾವಿಗೆ ಕಸಿ ಕಟ್ಟುತ್ತಿದ್ದ ನನ್ನ ದೊಡ್ಡಪ್ಪ ಕೊನೆಯಲ್ಲಿ ದಾರದ ತುದಿಯನ್ನು ಹಲ್ಲಿನಿಂದ ಕಡಿಯುತ್ತಿದ್ದರು. ಇವರೂ ಇಲ್ಲದ ದಾರವನ್ನು ಹಲ್ಲಿನಿಂದ ಕಡಿದರು.

ಯಾರೂ ಕೇಳದಿದ್ದ ಮೌನ

ನಾಲ್ಕನೆಯ ರಾತ್ರಿ ಬೆಂಕಿಯ ಬಳಿ ನಾವಿಬ್ಬರೇ ಉಳಿದಿದ್ದಾಗ ನಾನು ಕ್ಷಮೆ ಕೇಳಿದೆ. ನಮ್ಮವರು ಕೋಪದಿಂದ ಸುಮ್ಮನಿಲ್ಲ, ಸುಮ್ಮನಿರಲೆಂದೇ ಹಣ ಕೊಟ್ಟು ಬಂದಿದ್ದಾರೆ ಎಂದು ವಿವರಿಸಿದೆ. ಅದು ಅವರಿಗೆ ಗೊತ್ತಿತ್ತು. ಏರ್ಪಾಡು ಮಾಡಿದವರು ಮೊದಲೇ ಹೇಳಿದ್ದರು. ಗೊತ್ತಿರುವುದು ಬೇರೆ, ತನ್ನ ಮನೆಯಲ್ಲಿ ಒಂಬತ್ತು ಜನ ಮಾತಿಲ್ಲದೆ ಉಣ್ಣುವುದನ್ನು ನೋಡಿಕೊಂಡು ಕೂರುವುದು ಬೇರೆ. ಸ್ವಲ್ಪ ಹೊತ್ತು ಹಬಕ್ ಎಂಬ ಕಾಡುಪುದೀನ ಸೊಪ್ಪಿನ ಚಹಾ ಸೋಸುತ್ತಾ ಇದ್ದು, ಆಮೇಲೆ ಅವರು ಹೇಳಿದ ಮಾತು ಇದು: ‘ನೀವು ಆ ವರ್ಷ ಬರಬೇಕಿತ್ತು. ಬೇಕಾದಷ್ಟು ಮೌನ ಸಿಗುತ್ತಿತ್ತು.’

ಅವರು ಹೇಳಿದ್ದು ಒಂದೇ ವರ್ಷದ ಮಾತಲ್ಲ. 2011ರ ಕ್ರಾಂತಿಯ ನಂತರ ಈಜಿಪ್ಟಿಗೆ ಪ್ರವಾಸಿಗರು ಬರುವುದು ಕುಸಿಯಿತು. 2015ರ ಅಕ್ಟೋಬರ್ 31ರಂದು ಶರ್ಮ್ ಎಲ್ ಶೇಖ್‌ನಿಂದ ಹೊರಟ ರಷ್ಯಾದ ವಿಮಾನ ಸಿನಾಯ್‌ನ ಉತ್ತರಭಾಗದಲ್ಲಿ ಉರುಳಿ, ಅದರಲ್ಲಿದ್ದ 224 ಜನರೂ ಸತ್ತರು. ಅಲ್ಲಿಂದ ಮುಂದೆ ಬರುತ್ತಿದ್ದವರೂ ನಿಂತರು. 2020ರದ್ದನ್ನು ಹೇಳಬೇಕಿಲ್ಲ. ಯಾತ್ರಿಕರು ಹತ್ತುವ ಮೂಸಾನ (ಮೋಶೆಯ) ಬೆಟ್ಟದ ಬುಡದಲ್ಲಿ ಒಂಟೆ ಹಿಡಿದು ಸರದಿಗಾಗಿ ಕಾಯುವವರ ಸರದಿ ವಾರಗಟ್ಟಲೆ ಬರುತ್ತಿರಲಿಲ್ಲ. ಒಂಟೆಗೆ ಹಾಕಲು ಮೇವಿಲ್ಲದೆ ಯಜಮಾನರು ಎರಡನ್ನು ಮಾರಿದರು. ಮಗ ಕರಾವಳಿಯ ಊರಿಗೆ ಕೆಲಸ ಹುಡುಕಿ ಹೋದ. ಬರಗಾಲವೂ ಜೊತೆಯಾಗಿ ಪಕ್ಕದ ಎರಡು ತೋಟಗಳ ಬಾವಿ ಬತ್ತಿತು, ಅವುಗಳ ಗೋಡೆ ಇನ್ನೂ ಇದೆ, ಒಳಗೆ ಒಣ ಕಡ್ಡಿಗಳಿವೆ. ಕುಟ್ಟಾಣಿ ಕುಟ್ಟಿದರೆ ಕೇಳಿ ಬರುವವರು ಯಾರೂ ಕಣಿವೆಯಲ್ಲಿ ಉಳಿದಿರಲಿಲ್ಲ. ಹೊರಗಿನವರಿಗೆ ಮಾರುವ ಸರಕಾಗಿ ಮೌನ ಅವರಿಗೆ ಪರಿಚಯವಾಗಿದ್ದು ಈಚೆಗೆ. ಈ ಇನ್ನೊಂದರ ರುಚಿ ಅದಕ್ಕಿಂತ ಮುಂಚಿನದು.

ನಡೆದಾಡುವ ದಾರಿಗಳೇ ಜನರನ್ನು ಮರಳಿ ತಂದವು ಎಂದು ಸೋದರಳಿಯ ಹೆಮ್ಮೆಯಿಂದ ಹೇಳುತ್ತಿದ್ದ. 2015ರಲ್ಲೇ, ಆ ಕೆಟ್ಟ ವರ್ಷದಲ್ಲೇ, ಮೂರು ಬುಡಕಟ್ಟುಗಳು ಸೇರಿ ಅಕಾಬಾ ಕೊಲ್ಲಿಯಿಂದ ಬೆಟ್ಟದವರೆಗೆ 220 ಕಿಲೋಮೀಟರಿನ ‘ಸಿನಾಯ್ ಟ್ರೇಲ್’ ಮಾಡಿದರು. ಮುಂದೆ ಎಂಟು ಬುಡಕಟ್ಟುಗಳು ಸೇರಿ ಅದು 550 ಕಿಲೋಮೀಟರ್ ಆಯಿತು. ಒಂದು ಬುಡಕಟ್ಟಿನ ಗಡಿ ಮುಗಿದಲ್ಲಿ ಮುಂದಿನವರಿಗೆ ಒಪ್ಪಿಸಿ ಹಿಂದಿರುಗುವುದು ಪದ್ಧತಿ. ದುಡಿಮೆ ಎಲ್ಲರಿಗೂ ಹಂಚಿಕೆಯಾಗುತ್ತದೆ. ಇದು ನನಗೆ ಚೆನ್ನಾಗಿ ಅರ್ಥವಾದ ಲೆಕ್ಕ. ಅರ್ಥವಾಗದ್ದು 2021ರಿಂದ ಕೆಳಗೆ ಊರಿನಲ್ಲಿ ಏಳುತ್ತಿರುವ ಸರ್ಕಾರದ ದೊಡ್ಡ ಯೋಜನೆ: ಹೋಟೆಲುಗಳು, ವಿಲ್ಲಾಗಳು, ಸಂದರ್ಶಕರ ಕೇಂದ್ರ, ಅಗಲ ರಸ್ತೆಗಳು. ಈ ಪ್ರದೇಶ 2002ರಿಂದ ವಿಶ್ವ ಪರಂಪರೆಯ ತಾಣ, ಯುನೆಸ್ಕೊ ಕೂಡ ಆತಂಕ ಹೇಳಿಕೊಂಡಿದೆ. ಆ ಕಟ್ಟಡಗಳೂ ನೆಮ್ಮದಿ, ಧ್ಯಾನ, ಶಾಂತಿ ಎಂಬ ಮಾತುಗಳಲ್ಲೇ ಮಾರಾಟವಾಗುವವು. ಬೆಟ್ಟ ಇಳಿಯುವಾಗ ಸಿಮೆಂಟು ಕಲಸುವ ಯಂತ್ರಗಳ ಸದ್ದು ಕೇಳಿತು, ಅದಕ್ಕೆ ಮಾತ್ರ ಯಾರೂ ಚೀಟಿ ಬರೆಯಲಿಲ್ಲ. ನಾನೂ ಅಂತಹದೇ ಮಾತು ನಂಬಿ ಬಂದವನಾದ್ದರಿಂದ ಹೆಚ್ಚು ಬೈಯುವ ಹಕ್ಕು ನನಗಿಲ್ಲ.

ಐದನೆಯ ದಿನ ಸೂರ್ಯೋದಯಕ್ಕೆ ಮೌನ ಮುಗಿಯಿತು. ಮಾತಾಡಬಹುದು ಎಂದರೂ ಯಾರಿಗೂ ಏನು ಹೇಳಬೇಕೆಂದು ಹೊಳೆಯಲಿಲ್ಲ. ಎಲ್ಲರೂ ಸ್ವಲ್ಪ ನಾಚಿಕೊಂಡು ನಗುತ್ತಿದ್ದರು. ಯಜಮಾನರು ಕಾಯುತ್ತಲೇ ಇದ್ದರೇನೋ, ಕುಟ್ಟಾಣಿ ಎಳೆದುಕೊಂಡು ಕಣಿವೆ ಅದುರುವಂತೆ ಕುಟ್ಟತೊಡಗಿದರು. ಚೀಟಿ ಬರೆದಾಕೆಯೇ ಹೋಗಿ ಪಕ್ಕದಲ್ಲಿ ಕುಳಿತು ತಾಳಕ್ಕೆ ತಲೆಯಾಡಿಸಿದಳು. ಕಾಫಿ ಬಟ್ಟಲುಗಳು ಸುತ್ತು ಬಂದವು. ಆಮೇಲೆ ಅವರು ಅತಿಥಿಗಳನ್ನು ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಗಳನ್ನು ಸಾಲಾಗಿ ಕೇಳಿದರು: ತಂದೆ ತಾಯಿ ಇದ್ದಾರೆಯೇ, ಮಕ್ಕಳೆಷ್ಟು, ನಿಮ್ಮ ಕಡೆ ಮಳೆ ಹೇಗೆ?

ನನ್ನ ಸರದಿ ಬಂದಾಗ ನಾನು ಆಗುಂಬೆಯ ಸುದ್ದಿ ಹೇಳಿದೆ. ಅವರ ಬೆಟ್ಟಕ್ಕೆ ವರ್ಷಕ್ಕೆ ಬೀಳುವುದು ನಾಲ್ಕು ಬೆರಳು ನೀರು ಎಂದು ಕೈ ಅಡ್ಡ ಹಿಡಿದು ತೋರಿಸಿ, ನಮ್ಮ ಊರಿನ ಪಕ್ಕದಲ್ಲಿ 7000 ಮಿಲಿಮೀಟರ್ ಮೀರುತ್ತದೆ, ಎಂದರೆ ಒಬ್ಬರ ತಲೆಯ ಮೇಲೆ ಒಬ್ಬರು ನಿಂತ ನಾಲ್ಕು ಆಳು ಎಂದೆ. ಸೋದರಳಿಯ ನನ್ನ ಅರಬ್ಬಿ ಸರಿಯಿಲ್ಲವೆಂದುಕೊಂಡು ಇನ್ನೊಮ್ಮೆ ಕೇಳಿ, ಮಾವನಿಗೆ ತಿರುಗಿಸಿ ಹೇಳಿದ. ಯಜಮಾನರು ಕಾಫಿಯ ಪಾತ್ರೆಯನ್ನು ಕೆಳಗಿಟ್ಟರು. ಆ ಐದು ದಿನಗಳಲ್ಲಿ ತಾವಾಗಿಯೇ ಅವರು ಮಾತು ನಿಲ್ಲಿಸಿದ್ದು ಅದೊಂದೇ ಸಲ.

‘ಅಷ್ಟು ನೀರನ್ನು ನೀವು ಏನು ಮಾಡುತ್ತೀರಿ?’ ಎಂದು ಕೊನೆಗೆ ಕೇಳಿದರು.

‘ಹೊಳೆಗೆ ಹೋಗುತ್ತದೆ, ಹೊಳೆಯಿಂದ ಸಮುದ್ರಕ್ಕೆ’ ಎಂದೆ. ಏಪ್ರಿಲ್ ಬಂದರೆ ನಮ್ಮ ಮನೆಯ ಬಾವಿಯ ತಳ ಕಾಣುತ್ತದೆ, ಹೋದ ವರ್ಷ ಟ್ಯಾಂಕರ್ ತರಿಸಬೇಕಾಯಿತು ಎಂಬುದನ್ನು ಹೇಳಲು ಬಾಯಿ ಬರಲಿಲ್ಲ. ಅವರು ಬಟ್ಟಲಿಗೆ ಮತ್ತೆ ಸುರಿಯಲು ಬಂದರು. ಸಾಕೆಂದು ಬಟ್ಟಲನ್ನು ಅಲುಗಾಡಿಸಿ ಹಿಂದಿರುಗಿಸಿದೆ.